ಬೈಕಿಗೆ ಹಾಡು ಹಾಕಿಸುವ ಮುನ್ನ ವೈರು ನೋಡಿ

ಬೈಕಿಗೆ ಸೌಂಡ್ ಸಿಸ್ಟಮ್ ಹಾಕಿಸಲು ಬಂದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಅಂತ. ಆಮೇಲೆ ‘ಕಡೀಕ ಎಷ್ಟಕ್ಕ ಕೊಡ್ತೀರಿ?’ ಅಂತ. ಫ್ಯೂಸ್ ಎಲ್ಲಿ ಕೂರಿಸುತ್ತೀರಿ, ಅರ್ಥ್ ಎಲ್ಲಿಂದ ತಗೊಳ್ಳುತ್ತೀರಿ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ಅದಕ್ಕೇ ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಹಾಡು ಹಚ್ಚಿಕೊಂಡು ಓಡಾಡುತ್ತಿದ್ದ ಗಾಡಿ ಕೆಲವೇ ದಿನಕ್ಕೆ ನವನಗರದ ಹತ್ತಿರ ತಳ್ಳಿಸಿಕೊಂಡು ಹೋಗುತ್ತಿರುತ್ತದೆ. “ಅಣ್ಣಾರ, ಬ್ಯಾಟ್ರಿ ಹೊಸಾದ ಹಾಕ್ಸೇನ್ರಿ, ಆದ್ರೂ ಸೆಲ್ಫ್ ತಗೋಳವಲ್ದು” ಅಂತ ಗ್ಯಾರೇಜಿಗೆ ಬರುತ್ತಾರೆ. ಸೀಟು ಎತ್ತಿ ನೋಡಿದರೆ ಬ್ಯಾಟರಿಯ ಟರ್ಮಿನಲ್‌ಗೆ ತೆಳ್ಳನೆಯ ಕೆಂಪು ವೈರು ಸುತ್ತಿ, ಮೇಲೆ ಟೇಪು ಹಚ್ಚಿರುತ್ತಾರೆ. ಫ್ಯೂಸ್ ಇಲ್ಲ, ಸ್ವಿಚ್ ಇಲ್ಲ. ರಾತ್ರಿಯಿಡೀ ಆಂಪ್ಲಿಯ, ಅಂದರೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರಿನ, ನೀಲಿ ದೀಪ ಉರಿಯುತ್ತಲೇ ಇರುತ್ತದೆ.

ಸ್ಪೀಕರ್ ಯಾವುದಾದರೂ ಹಾಡುತ್ತದೆ. ಕೆಡುವುದು ಕರೆಂಟು ಹರಿಯುವ ದಾರಿ. ಹಾಗಾಗಿ ಉಳಿದದ್ದನ್ನು ಬೇಗ ಮುಗಿಸಿ ವೈರಿಂಗಿಗೆ ಬರುತ್ತೇನೆ.

ಗಾಡಿಗೆ ಎಷ್ಟು ತಾಕತ್ತಿದೆ?

ಬ್ಯಾಟರಿಯ ಮೈಮೇಲೆ ಆಂಪಿಯರ್ ಅವರ್ ಲೆಕ್ಕ, ಅಂದರೆ ಎಷ್ಟು ಆಂಪಿಯರನ್ನು ಎಷ್ಟು ತಾಸು ಕೊಡಬಲ್ಲದು ಅಂತ, ಬರೆದಿರುತ್ತದೆ. ಈಗಿನ 100 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ 3ರಿಂದ 4. ಬುಲೆಟ್ ತರಹದ 350 ಸಿಸಿ ಗಾಡಿಯಲ್ಲಿ 8 ಅಥವಾ ಅದಕ್ಕಿಂತ ಜಾಸ್ತಿ. ಹಾಡು ಒಂದೂವರೆ ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಎಂಜಿನ್ ಬಂದ್ ಮಾಡಿ ಕೇಳುತ್ತ ಕೂತರೆ 3ರ ಬ್ಯಾಟರಿ ಕಾಗದದ ಲೆಕ್ಕದಲ್ಲಿ ಎರಡು ತಾಸು ಬರಬೇಕು. ಆದರೆ ಸೆಲ್ಫ್ ಅದಕ್ಕಿಂತ ಎಷ್ಟೋ ಮೊದಲೇ ಕೈಕೊಡುತ್ತದೆ. ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಿ ಮಧ್ಯಾಹ್ನ ಹಾಡು ಕೇಳುವ ರೂಢಿ ಇದ್ದರೆ, ಅದರಲ್ಲೂ ಕಿಕ್ ಇಲ್ಲದ ಗಾಡಿಯಾದರೆ, ಇದನ್ನು ನೆನಪಿಡಿ.

ಒಂದು ಮಲ್ಟಿಮೀಟರ್ ತಗೊಳ್ಳಿ. ಸಾದಾದ್ದೇ ಸಾಕು. ಗಾಡಿ ಬಂದ್ ಇದ್ದಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. ಶುರು ಮಾಡಿ ಸ್ವಲ್ಪ ಎಕ್ಸಲೇಟರ್ ಕೊಟ್ಟರೆ 13.5ರಿಂದ 14.5ರ ನಡುವೆ ಬರಬೇಕು. ಬರದಿದ್ದರೆ ಚಾರ್ಜಿಂಗ್‌ನಲ್ಲೇ ತೊಂದರೆ ಇದೆ. ಮೊದಲು ಅದನ್ನು ಸರಿ ಮಾಡಿಸಿ, ಹಾಡಿನ ಮಾತು ಆಮೇಲೆ.

ಇನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ‘1000 ವ್ಯಾಟ್’. ಅದನ್ನು ಓದಿ ನಕ್ಕು ಬಿಡಿ. 12 ವೋಲ್ಟಿನಲ್ಲಿ ನೇರವಾಗಿ ಓಡುವ ಆಂಪ್ಲಿ 4 ಓಮ್‌ನ ಸ್ಪೀಕರಿಗೆ ಸ್ವಚ್ಛವಾಗಿ ಕೊಡಬಲ್ಲದ್ದು ಹೆಚ್ಚೆಂದರೆ 20 ವ್ಯಾಟ್ ಆಸುಪಾಸು. ವೋಲ್ಟೇಜ್ ಅಷ್ಟೇ ಇದ್ದ ಮೇಲೆ ಜಾಸ್ತಿ ಎಲ್ಲಿಂದ ಬರಬೇಕು? 1000 ವ್ಯಾಟ್ ನಿಜವೇ ಆಗಿದ್ದರೆ ಬ್ಯಾಟರಿಯಿಂದ 80 ಆಂಪಿಯರಿಗಿಂತ ಹೆಚ್ಚು ಎಳೆಯಬೇಕಿತ್ತು. ಸಾಮಾನ್ಯ ಬೈಕಿನ ಮೇನ್ ಫ್ಯೂಸೇ ಅದರ ಕಾಲುಭಾಗವನ್ನೂ ತಾಳಿಕೊಳ್ಳುವುದಿಲ್ಲ. ಎರಡು ಸ್ಪೀಕರಿಗೆ ತಲಾ 20 ವ್ಯಾಟ್, ಕ್ಲಾಸ್ ಡಿ ಆಂಪ್ಲಿ. ಇಷ್ಟು ಸಾಕು. ಕ್ಲಾಸ್ ಡಿ ಕಡಿಮೆ ಬಿಸಿಯಾಗುತ್ತದೆ, ಕರೆಂಟೂ ಕಡಿಮೆ ತಿನ್ನುತ್ತದೆ.

ಸ್ಪೀಕರ್

3 ಅಥವಾ 4 ಇಂಚಿನ ಎರಡು, ಹ್ಯಾಂಡಲ್ ಮೇಲೆ, ನಿಮ್ಮ ಮುಖದ ಕಡೆ ತಿರುಗಿಸಿ. ಲೆಗ್ ಗಾರ್ಡ್‌ಗೆ ಕಟ್ಟಿಸಬೇಡಿ. ಅಲ್ಲಿ ಕೆಸರು ಬಡಿಯುತ್ತದೆ, ಗಾಡಿ ವಾಲಿದರೆ ಮೊದಲು ಒಡೆಯುವುದೂ ಅದೇ. ಅಲ್ಲಿಂದ ಹಾಡು ಕೇಳುವುದೂ ನೀವಲ್ಲ, ರಸ್ತೆಯವರು. ಸ್ಪೀಕರಿನಲ್ಲಿ ಅದುರಿ ಸದ್ದು ಹೊರಡಿಸುವ ಕೋನ್ ಪ್ಲಾಸ್ಟಿಕ್‌ನದ್ದಿರಲಿ. ಕಾಗದದ ಕೋನ್ ಧಾರವಾಡದ ಜಿಟಿಜಿಟಿ ಮಳೆಗೆ ಒಂದು ಸೀಸನ್ ಕೂಡ ಬಾಳುವುದಿಲ್ಲ.

ವಾಟರ್‌ಪ್ರೂಫ್ ಅನ್ನುವ ಮಾತಿಗೆ ಮರುಳಾಗದೆ ಐಪಿ ನಂಬರ್ ಕೇಳಿ. ಮೊದಲ ಅಂಕಿ ದೂಳಿನದ್ದು, ಎರಡನೆಯದು ನೀರಿನದ್ದು. ಐಪಿ65 ಅಂದರೆ ದೂಳು ಒಳಗೆ ಹೋಗುವುದಿಲ್ಲ, ಪೈಪಿನ ನೀರಿನ ಧಾರೆಯನ್ನೂ ತಡೆಯುತ್ತದೆ. ಐಪಿಎಕ್ಸ್5 ಅಂತಿದ್ದರೆ ದೂಳಿನ ಪರೀಕ್ಷೆಯ ಲೆಕ್ಕವನ್ನೇ ಕೊಟ್ಟಿಲ್ಲ ಅಂತ ಅರ್ಥ. ಅಣ್ಣಿಗೇರಿ, ಗದಗ ಕಡೆಯ ಎರೆ ಭೂಮಿಯಲ್ಲಿ ದಿನಾ ಓಡಾಡುವವರಿಗೆ ಆ ಮೊದಲ ಅಂಕಿ 6 ಇರಲೇಬೇಕು.

ಬೇಸ್ ಬೇಕು ಅಂತ ಸೀಟಿನ ಕೆಳಗೆ ಸಬ್‌ವೂಫರ್ ತುರುಕುವವರೂ ಇದ್ದಾರೆ. ಸರಿಯಾದ ಡಬ್ಬಿ ಇಲ್ಲದ ವೂಫರಿನಲ್ಲಿ ಮುಂದಿನ ಗಾಳಿಯ ಒತ್ತಡವನ್ನು ಹಿಂದಿನ ಗಾಳಿಯೇ ಅಳಿಸಿಬಿಡುತ್ತದೆ. ಸೀಟು ಅದುರುತ್ತದೆ ಅಷ್ಟೆ. ಬೇಡ.

ಈಗ ವೈರಿಂಗ್

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಪಾನಾ ಚಾಸಿಗೆ ತಾಗಿದ ಕೂಡಲೇ ಕಿಡಿ ಹಾರುತ್ತದೆ. ಕೊನೆಗೆ ಜೋಡಿಸುವಾಗ ನೆಗೆಟಿವ್ ಕೊನೆಯದು.

ಪಾಸಿಟಿವ್ ಟರ್ಮಿನಲ್‌ನಿಂದ 1.5 ಸ್ಕ್ವೇರ್ ಎಂಎಂ ವೈರು ಎಳೆಯಿರಿ. ಒಳಗೆ ತೆಳ್ಳನೆಯ ತಾಮ್ರದ ಎಳೆಗಳಿರುವ, ಬಳುಕುವ ಆಟೋ ವೈರು. ಮನೆಯ ಗೋಡೆಯಲ್ಲಿ ಹಾಕುವ ಗಟ್ಟಿ ಒಂಟಿ ತಂತಿಯ ವೈರು ಅದುರಿ ಅದುರಿ ಒಳಗೇ ತುಂಡಾಗುತ್ತದೆ. ಟರ್ಮಿನಲ್‌ಗೆ ವೈರು ಸುತ್ತಬೇಡಿ. ವೈರಿನ ತುದಿಗೆ ಉಂಗುರದಂಥ ರಿಂಗ್ ಲಗ್ಸ್ ಹಾಕಿ, ಕ್ರಿಂಪಿಂಗ್ ಪಕ್ಕಡದಿಂದ ಒತ್ತಿ, ಎರಡು ಕೈಯಿಂದ ಜಗ್ಗಿ ನೋಡಿ. ಬಿಟ್ಟು ಬಂದರೆ ಅದು ಕ್ರಿಂಪ್ ಆಗಿಲ್ಲ. ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಅಲ್ವಾ ಅಂತ ಕೇಳುತ್ತಾರೆ. ಮನೆಯಲ್ಲಿಡುವ ಆಂಪ್ಲಿಗೆ ಸರಿ. ಬೈಕಿನಲ್ಲಿ ಬೆಸುಗೆ ಮುಗಿಯುವ ಜಾಗದಲ್ಲಿ ವೈರು ಬಿರುಸಾಗಿ, ಅದುರಾಟಕ್ಕೆ ಅಲ್ಲೇ ಕಡಿಯುತ್ತದೆ. ನಾನು ಕ್ರಿಂಪ್ ಮಾಡಿ, ಮೇಲೆ ಬಿಸಿ ತಾಗಿಸಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕುತ್ತೇನೆ. ಕಪ್ಪು ಟೇಪು ಒಂದು ಬೇಸಿಗೆಯ ಬಿಸಿಲಿಗೆ ಅಂಟು ಬಿಟ್ಟು ಜಾರಿಕೊಳ್ಳುತ್ತದೆ. ಆಮೇಲೆ ಬರಿ ತಾಮ್ರ ಕಾಣುತ್ತದೆ.

ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಬಹಳ ಜನ ಆಂಪ್ಲಿಯ ಹತ್ತಿರ ಹಾಕುತ್ತಾರೆ. ಫ್ಯೂಸ್ ಕಾಯುವುದು ವೈರನ್ನು. ಟ್ಯಾಂಕಿನ ಕೆಳಗೆ ವೈರು ಸವೆದು ಚಾಸಿಗೆ ತಾಗಿತು ಅಂದುಕೊಳ್ಳಿ. ಫ್ಯೂಸ್ ಆ ಜಾಗದಿಂದ ಆಚೆ, ಆಂಪ್ಲಿಯ ಪಕ್ಕದಲ್ಲಿದ್ದರೆ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಬ್ಯಾಟರಿಯ ಪೂರ್ತಿ ಕರೆಂಟು ಪೆಟ್ರೋಲ್ ಟ್ಯಾಂಕಿನ ಕೆಳಗಿನ ವೈರಿನಲ್ಲಿ ಹರಿದು ವೈರು ಕೆಂಪಗೆ ಕಾಯುತ್ತದೆ. ತಲಾ 20 ವ್ಯಾಟಿನ ಎರಡು ಸ್ಪೀಕರಿಗೆ 5 ಆಂಪಿಯರ್ ಬ್ಲೇಡ್ ಫ್ಯೂಸ್ ಸಾಕು. ಅದು ಸುಟ್ಟರೆ 5ರದ್ದೇ ಇನ್ನೊಂದು ಹಾಕಿ. ಅದೂ ಸುಟ್ಟರೆ ಎಲ್ಲಿ ಶಾರ್ಟ್ ಆಗಿದೆ ಹುಡುಕಿ. ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಸುತ್ತಿ ‘ಈಗ ಸುಡೂದುಲ್ಲ ಬಿಡ್ರಿ’ ಅನ್ನುವ ಫಿಟ್ಟರ್ ಸಿಕ್ಕರೆ ಗಾಡಿ ಇಸಿದುಕೊಂಡು ಬನ್ನಿ.

ಮುಂದಿನದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ಚಾವಿ ಆಫ್ ಮಾಡಿದರೆ ಹಾಡೂ ಆಫ್ ಆಗಬೇಕು, ಆದರೆ ಆಂಪ್ಲಿಯ ಕರೆಂಟು ಚಾವಿಯ ಸ್ವಿಚ್ಚಿನೊಳಗಿಂದ ಹರಿಯಬಾರದು. ಗಾಡಿಯ ಇಗ್ನಿಷನ್ನೂ ಲೈಟೂ ನೆಚ್ಚಿಕೊಂಡಿರುವ ಸ್ವಿಚ್ ಅದು. ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ ನಾಲ್ಕು ಕಾಲಿನ ರಿಲೇ ಕೇಳಿ. ತಿರುಗಿಸಿ ನೋಡಿದರೆ ಕಾಲುಗಳ ಪಕ್ಕ 30, 87, 85, 86 ಅಂತ ಸಣ್ಣ ಅಂಕಿಗಳಿರುತ್ತವೆ. 30ಕ್ಕೆ ಫ್ಯೂಸ್ ದಾಟಿ ಬಂದ ಬ್ಯಾಟರಿ ವೈರು. 87ರಿಂದ ಆಂಪ್ಲಿಯ ಪಾಸಿಟಿವ್. 85ರಿಂದ ಬ್ಯಾಟರಿ ನೆಗೆಟಿವ್. 86ಕ್ಕೆ ಚಾವಿ ಆನ್ ಆದಾಗ ಮಾತ್ರ 12 ವೋಲ್ಟ್ ಬರುವ ವೈರು. ಈ ಕೊನೆಯದರಲ್ಲಿ ಹರಿಯುವುದು ಒಂದು ಆಂಪಿಯರ್‌ನ ಸಣ್ಣ ಪಾಲು ಮಾತ್ರ. ಹಾಗಾಗಿ ಗಾಡಿಯ ಸ್ವಂತ ವೈರಿಂಗಿಗೆ ಭಾರವಾಗುವುದಿಲ್ಲ.

ಆ ವೈರು ಎಲ್ಲಿಂದ ತರುವುದು? ಹಿಂದಿನ ಬ್ರೇಕ್ ಲೈಟ್ ಸ್ವಿಚ್‌ಗೆ ಬರುವ ಎರಡು ವೈರುಗಳಲ್ಲಿ ಸಾಮಾನ್ಯವಾಗಿ ಒಂದರಲ್ಲಿ ಚಾವಿ ಆನ್ ಮಾಡಿದ ಕೂಡಲೇ 12 ವೋಲ್ಟ್ ಇರುತ್ತದೆ, ಬ್ರೇಕ್ ತುಳಿಯದಿದ್ದರೂ. ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ. ಬಣ್ಣ ನೋಡಿ ನಂಬಬೇಡಿ, ಒಂದೊಂದು ಕಂಪನಿಗೆ ಒಂದೊಂದು ಬಣ್ಣ. ಹೆಡ್‌ಲೈಟ್ ವೈರನ್ನಂತೂ ಮುಟ್ಟಬೇಡಿ. ಹಳೆಯ ಹಲವು ಮಾಡೆಲ್‌ಗಳಲ್ಲಿ ಅಲ್ಲಿಗೆ ಬರುವುದು ಎಂಜಿನ್ ವೇಗದ ಜೊತೆ ಏರಿಳಿಯುವ ಎಸಿ ಕರೆಂಟು. ಆಂಪ್ಲಿಗೆ ಕೊಟ್ಟರೆ ಬೋರ್ಡ್ ಹೋಗುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಯಾದರೆ ಕಂಪನಿಯ ವೈರನ್ನು ಕತ್ತರಿಸಲೇಬೇಡಿ. ಸೆನ್ಸರ್ ವೈರೊಂದು ತಪ್ಪಿ ಕಡಿದರೆ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ, ವಾರಂಟಿಯ ತಕರಾರು ಬೇರೆ. ವೈರು ಜೋಡಿಸುವ ಕಪ್ಲರಿಗೆ ಹೊಂದುವ, ಒಂದು ದಾರಿಯನ್ನು ಎರಡು ಮಾಡುವ ವೈ ಜೋಡಿ ಸಿಗುತ್ತದೆ, ಅದನ್ನೇ ಹಾಕಿ.

ಆಂಪ್ಲಿಯ ನೆಗೆಟಿವ್ ಸೀದಾ ಬ್ಯಾಟರಿಯ ನೆಗೆಟಿವ್‌ಗೆ ಹೋಗಲಿ. ಹತ್ತಿರದ ಯಾವುದೋ ಬೋಲ್ಟಿಗೆ ಅರ್ಥ್ ಕೊಟ್ಟರೆ ಕೆಲಸವೇನೋ ನಡೆಯುತ್ತದೆ. ಆದರೆ ಪೇಂಟು, ತುಕ್ಕು ಅಡ್ಡ ಬಂದು ಗಲಾಟೆ ಅಲ್ಲಿಂದಲೇ ಶುರು.

ಹ್ಯಾಂಡಲ್ ಕುತ್ತಿಗೆ

ಚೆನ್ನಾಗಿ ಮಾಡಿದ ವೈರಿಂಗೂ ಸಾಯುವ ಜಾಗ ಇದು. ಸ್ಪೀಕರ್ ವೈರು ಚಾಸಿಯಿಂದ ಹ್ಯಾಂಡಲ್‌ಗೆ ದಾಟುವಲ್ಲಿ ಪ್ರತಿ ತಿರುವಿಗೂ ಬಾಗುತ್ತದೆ. ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ಎರಡೂ ಕಡೆ ವೈರು ಸಡಿಲವಾಗಿರಬೇಕು, ಎಲ್ಲೂ ಚಿವುಟಬಾರದು. ಕಂಪನಿಯ ವೈರುಗಳು ಹೋದ ದಾರಿಯಲ್ಲೇ ನಿಮ್ಮದನ್ನೂ ಒಯ್ದು ಟೈ ಹಾಕಿ. ಎಕ್ಸಲೇಟರ್, ಕ್ಲಚ್ ಕೇಬಲ್‌ಗಳಿಗೆ ಮಾತ್ರ ಸೇರಿಸಿ ಕಟ್ಟಬೇಡಿ. ಕಟ್ಟಿ ಮುಗಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿದ್ದಾಗ ಎಕ್ಸಲೇಟರ್ ತಿರುಗಿಸಿ ಬಿಡಿ. ಟಕ್ ಅಂತ ವಾಪಸ್ ಬರದಿದ್ದರೆ ಗಾಡಿ ಹೊರಗೆ ತೆಗೆಯಬೇಡಿ.

ಎರಡೂ ಸ್ಪೀಕರಿನ ಪ್ಲಸ್ ಮೈನಸ್ ಒಂದೇ ತರಹ ಇರಬೇಕು. ಗುರುತು ಅಳಿಸಿದ್ದರೆ ಒಂದು ಪೆನ್ಸಿಲ್ ಸೆಲ್ ತಗೊಂಡು ವೈರುಗಳಿಗೆ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಜಿಗಿದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್. ಒಂದು ಉಲ್ಟಾ ಆದರೂ ಹಾಡು ಪೊಳ್ಳಾಗಿ ಕೇಳುತ್ತದೆ. ಜನ ಆಗ ಸ್ಪೀಕರನ್ನು ಬೈಯುತ್ತಾರೆ.

ಬ್ಲೂಟೂತ್ ಜೋಡಿಸುವುದು ನಿಮ್ಮ ಮನೆಯ ಮಕ್ಕಳಿಗೇ ಗೊತ್ತು. ಮೊಬೈಲು ಮಾತ್ರ ಜೇಬಿನಲ್ಲಿರಲಿ. ಬೈಕಿನ ಹ್ಯಾಂಡಲ್‌ಗೆ ಕಟ್ಟಿದರೆ ಎಂಜಿನ್ ಅದುರಾಟಕ್ಕೆ ಐಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ.

ಗುಂಯ್ ಅನ್ನುವ ಸದ್ದು

ಎಲ್ಲ ಮುಗಿದು ಗಾಡಿ ಶುರು ಮಾಡಿದರೆ ಹಾಡಿನ ಹಿಂದೆ ಗುಂಯ್ ಅನ್ನುತ್ತದೆ. ಎಕ್ಸಲೇಟರ್ ಕೊಟ್ಟಂತೆ ಅದೂ ಏರುತ್ತದೆ. ಆಂಪ್ಲಿ ಬದಲಾಯಿಸಲು ಓಡಬೇಡಿ. ಮೊಬೈಲನ್ನು ಆಕ್ಸ್ ವೈರಿನಿಂದ ಜೋಡಿಸಿ, ಗಾಡಿಯಲ್ಲೇ ಚಾರ್ಜಿಗೂ ಹಾಕಿದ್ದೀರಾ? ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಇದು ಗ್ರೌಂಡ್ ಲೂಪ್. ಚಾರ್ಜರಿನ ಅರ್ಥ್ ಒಂದು ದಾರಿ, ಆಕ್ಸಿನ ಅರ್ಥ್ ಇನ್ನೊಂದು ದಾರಿ, ನಡುವೆ ಎಂಜಿನ್ನಿನ ಚಾರ್ಜಿಂಗ್ ಕರೆಂಟು ಸುತ್ತು ಹೊಡೆಯುತ್ತದೆ. ಬ್ಲೂಟೂತ್‌ಗೆ ಹೋಗಿ, ಇಲ್ಲವೇ ಆಕ್ಸ್ ವೈರಿಗೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಗುಂಯ್ ಬದಲು ಟಿಕ್ ಟಿಕ್ ಅಂದರೆ ಅದು ಪ್ಲಗ್ಗಿನ ಕಿಡಿ. ನಿಮ್ಮ ವೈರು ಪ್ಲಗ್ ಕೇಬಲ್ ಪಕ್ಕದಲ್ಲಿ ಹೋಗಿರುತ್ತದೆ. ದೂರ ಸರಿಸಿ.

ವಾಲ್ಯೂಮ್

ಹೆಲ್ಮೆಟ್ ಹಾಕಿ ಗಂಟೆಗೆ 60 ಕಿಲೋಮೀಟರ್ ದಾಟಿದರೆ ಗಾಳಿಯ ಸದ್ದೇ ಜಾಸ್ತಿ. ಆಗ ವಾಲ್ಯೂಮ್ ಏರಿಸುತ್ತಾರೆ, ಆಮೇಲೆ ಉಣಕಲ್ ದಾಟಿ ಊರೊಳಗೆ ಬಂದರೂ ಇಳಿಸುವುದಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ಸೈಲೆನ್ಸ್ ಜೋನ್ ಅಂತ ಘೋಷಿಸಬಹುದು. ವಿದ್ಯಾನಗರದ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಬಂದ್ ಮಾಡಲೇಬೇಕು. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ವಾಹನದ ಶಬ್ದದ ನಿಯಮ ಮುರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡವಿದೆ, ಲೈಸೆನ್ಸಿಗೂ ಕುತ್ತು. ಹಿಂದಿನ ಚಿಗರಿ ಬಸ್ಸಿನ ಹಾರ್ನ್ ನಿಮಗೆ ಕೇಳಿಸದಿದ್ದರೆ ವಾಲ್ಯೂಮ್ ಜಾಸ್ತಿಯಾಗಿದೆ. ಎರಡೂ ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು ಓಡಿಸುವುದಂತೂ ಬೇಡವೇ ಬೇಡ.

ಕೊನೆಯ ಪರೀಕ್ಷೆ

ಗಾಡಿ ಶುರು ಮಾಡಿ, ಐಡಲ್‌ನಲ್ಲಿ ಬಿಟ್ಟು, ಹೆಡ್‌ಲೈಟ್ ಉರಿಯುತ್ತಿರುವಾಗ ನೀವು ಕೇಳುವಷ್ಟು ಜೋರಾಗಿ ಹಾಡು ಹಾಕಿ. ಬ್ಯಾಟರಿಯ ಮೇಲೆ ಮೀಟರ್ ಇಡಿ. 13ರ ಕೆಳಗೆ ಇಳಿದು ಅಲ್ಲೇ ನಿಂತರೆ ಗಾಡಿ ಗಳಿಸುವುದಕ್ಕಿಂತ ನೀವು ಖರ್ಚು ಮಾಡುವುದು ಜಾಸ್ತಿ. ವಾಲ್ಯೂಮ್ ತಗ್ಗಿಸಿ, ಇಲ್ಲವೇ ಸಣ್ಣ ಆಂಪ್ಲಿ ಹಾಕಿ. ಅರ್ಧ ತಾಸು ಹಾಡಿಸಿದ ಮೇಲೆ ಫ್ಯೂಸ್ ಹೋಲ್ಡರ್, ರಿಲೇ ಕಾಲು, ಒಂದೊಂದು ಲಗ್ಸ್ ಎಲ್ಲವನ್ನೂ ಬೆರಳಿನಿಂದ ಮುಟ್ಟಿ ನೋಡಿ. ರಿಲೇಯ ಮೈ ಸ್ವಲ್ಪ ಬೆಚ್ಚಗಿದ್ದರೆ ಸಹಜ. ಯಾವುದಾದರೂ ಜೋಡಣೆ ಮಾತ್ರ ಬಿಸಿ ಬಿಸಿ ಅನ್ನಿಸಿದರೆ ಆ ಲಗ್ಸ್ ಕತ್ತರಿಸಿ ಬಿಸಾಕಿ, ಹೊಸದು ಒತ್ತಿ. ಒಂದು ವಾರದ ನಂತರ ಸ್ಪೀಕರ್ ಕ್ಲ್ಯಾಂಪಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ವಾಟರ್ ಸರ್ವಿಸಿಗೆ ಬಿಡುವಾಗ ಹುಡುಗರಿಗೆ ಸ್ಪೀಕರ್ ಕಡೆ ಪ್ರೆಶರ್ ಗನ್ ಹಿಡಿಯಬೇಡಿ ಅಂತ ಮೊದಲೇ ಹೇಳಿಬಿಡಿ.