ಕಲ್ಲುಬಾನಿಯ ಪಕ್ಕ ಕೂತು ನೋಡಿದ್ದು

ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ ನಮ್ಮದು. ದನ ಕೊಟ್ಟ ಮೇಲೆ ಹಿತ್ತಲಿನ ಕಲ್ಲುಬಾನಿಗೆ ಕೆಲಸವಿಲ್ಲದೆ ಹಲಸಿನ ಮರದ ಬುಡದಲ್ಲಿ ಸುಮ್ನೆ ಬಿದ್ದಿತ್ತು. ನಾನೋ, ಹಕ್ಕಿ ನೋಡಬೇಕೆಂದು ಬೆಳಗಾಗೆದ್ದು ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಸುತ್ತುತ್ತಿದ್ದೆ. ಎರಡು ಗಂಟೆ ಸುತ್ತಿದರೆ ಐದಾರು ಜಾತಿ ಸಿಗುತ್ತಿತ್ತು, ಅದರಲ್ಲೂ ಅರ್ಧಕ್ಕೆ ಬಾಲ ಮಾತ್ರ ಕಂಡಿರುತ್ತಿತ್ತು. ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಕಾಲು ಉಳುಕಿತು. ಹಿತ್ತಲಲ್ಲೇ ಕೂರುವುದಾಯಿತು. ಹಳ್ಳವೂ ಒಣಗಿದ್ದರಿಂದ ಬಾನಿಗೆ ನೀರು ತುಂಬಿಸಿ ನೋಡೋಣ ಅನ್ನಿಸಿತು.

ಮೊದಲ ದಿನವೇ ತಪ್ಪು ಮಾಡಿದೆ. ಬಾನಿಯ ಅಂಚಿನವರೆಗೆ ನೀರು ತುಂಬಿಸಿದ್ದೆ. ಮರುದಿನ ನೋಡಿದರೆ ಹತ್ತಾರು ತುಡುವೆ ಜೇನು ಸತ್ತು ತೇಲುತ್ತಿದ್ದವು. ನೀರು ಕುಡಿಯಲು ಬಂದವು, ಕಾಲೂರಲು ಜಾಗವಿಲ್ಲ. ಆಮೇಲೆ ಹಳ್ಳದ ಕಲ್ಲು ತಂದು ಜೋಡಿಸಿ, ಕಲ್ಲಿನ ಮೇಲೆ ಎರಡು ಬೆರಳು ನೀರು ನಿಲ್ಲುವ ಹಾಗೆ ಮಾಡಿದೆ. ಅಡ್ಡಕ್ಕೊಂದು ಒಣ ಕೊಂಬೆ ಇಟ್ಟೆ. ಎರಡು ದಿನಕ್ಕೊಮ್ಮೆ ಬುಡದ ಬಿರಡೆ ತೆಗೆದು ನೀರು ಬಿಟ್ಟು ತಿಕ್ಕಬೇಕು, ಇಲ್ಲದಿದ್ದರೆ ಸೊಳ್ಳೆ ಮರಿ. ಹದಿನೈದು ಅಡಿ ದೂರದಲ್ಲಿ ಸೋಗೆಯ ತಟ್ಟಿ ಕಟ್ಟಿ, ಅದರ ಹಿಂದೆ ಕುರ್ಚಿ ಹಾಕಿಕೊಂಡೆ. ಇಷ್ಟೇ ನನ್ನ ಏರ್ಪಾಟು.

ಬೆಳಗಿಗಿಂತ ಸಂಜೆ ನಾಲ್ಕರಿಂದ ಐದೂವರೆ ಒಳ್ಳೆಯ ಹೊತ್ತು. ಮೊದಲು ಬರುವುದು ಕೆಮ್ಮೀಸೆ ಪಿಕಳಾರ. ಅವು ಗಲಾಟೆ ಮಾಡಿ ಮಿಂದು ಹೋದ ಮೇಲೆ ಉಳಿದವಕ್ಕೆ ಧೈರ್ಯ. ರಾಜಹಕ್ಕಿಯ ಸ್ನಾನ ಮಾತ್ರ ಬೇರೆಯೇ. ಅದು ನೀರಲ್ಲಿ ಕೂರುವುದಿಲ್ಲ. ಮೇಲಿನ ಕೊಂಬೆಯಿಂದ ಜಾರಿ ಬಂದು, ಎದೆಯನ್ನು ನೀರಿಗೆ ಬಡಿದು, ಮತ್ತೆ ಕೊಂಬೆಗೆ. ರೆಕ್ಕೆ ಕೊಡವಿ ಮತ್ತೆ ಇಳಿಯುತ್ತದೆ. ಒಂದು ಸಂಜೆ ಹನ್ನೊಂದು ಸಲ ಎಣಿಸಿದ್ದೇನೆ. ಬಿಳಿ ಬಾಲ ಒದ್ದೆಯಾಗಿ ದಾರದ ಹಾಗೆ ನೇತಾಡುತ್ತಿತ್ತು.

ಇದರ ವಿಷಯದಲ್ಲೇ ನಾನು ಹಕ್ಕಿ ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಒಂದು ವರ್ಷದ ತಪ್ಪು ಲೆಕ್ಕ ಇದೆ. ಬಿಳಿಯದೆಲ್ಲ ಗಂಡು, ಕಂದು ಬಣ್ಣದ್ದೆಲ್ಲ ಹೆಣ್ಣು ಅಂತ ಬರೆದಿದ್ದೆ. ಆದರೆ ಗಂಡಿಗೆ ಬಿಳಿ ಬಣ್ಣ ಬರಲು ವರ್ಷಗಳು ಬೇಕು. ಅಲ್ಲಿಯವರೆಗೆ ಅದೂ ಕಂದೇ, ಉದ್ದ ಬಾಲ ಬಂದ ಮೇಲೂ. ಹೆಣ್ಣಿನ ಬಾಲ ಗಿಡ್ಡ. ನಾನು ‘ಉದ್ದ ಬಾಲದ ಹೆಣ್ಣು’ ಅಂತ ಬೇರೆ ಅಡಿಗೆರೆ ಎಳೆದಿದ್ದೆ! ಅದನ್ನು ಹೊಡೆದು ಹಾಕಿಲ್ಲ, ಪಕ್ಕದಲ್ಲಿ ತಿದ್ದಿದ್ದೇನೆ. ಫೋನಿನ ಆ್ಯಪ್ ನಂಬಿಯೂ ಒಮ್ಮೆ ಕೆಟ್ಟೆ. ಅದು ಕೂಗು ಕೇಳಿಸಿಕೊಂಡು ಹದ್ದು ಅಂತ ತೋರಿಸಿತು. ಕತ್ತೆತ್ತಿ ನೋಡಿದರೆ ಭೀಮರಾಜ ಹಕ್ಕಿ, ಹದ್ದಿನ ಕೂಗನ್ನು ಅಣಕಿಸುತ್ತಾ ಕೂತಿತ್ತು. ಈಗ ಕಣ್ಣಿಗೆ ಕಾಣದ್ದನ್ನು ಪುಸ್ತಕಕ್ಕೆ ಏರಿಸುವುದಿಲ್ಲ.

ತಾರೀಖು ಬರೆಯುವ ಕ್ರಮವನ್ನೂ ಬದಲಿಸಬೇಕಾಯಿತು. ಅಪ್ಪ ಎಲ್ಲದಕ್ಕೂ ಮಳೆ ನಕ್ಷತ್ರ ಹೇಳುವವರು. ‘ಭರಣಿಯಲ್ಲಿ ಮಿಂಚುಹುಳ ಏಳುತ್ತೆ ನೋಡು’ ಅನ್ನುತ್ತಿದ್ದರು. ಆದರೆ ಭರಣಿ ಸೂರ್ಯನ ಲೆಕ್ಕದ್ದು. ಮಳೆ ಬರಲಿ ಬಿಡಲಿ, ಏಪ್ರಿಲ್ 27ರ ಸುಮಾರಿಗೆ ಅದು ಹುಟ್ಟುತ್ತದೆ, ಮೇ 11ರ ಹೊತ್ತಿಗೆ ಕೃತ್ತಿಕೆಗೆ ಜಾಗ ಬಿಡುತ್ತದೆ. ನೆಲ ನೆನೆಯುವ ಮಳೆ ಒಂದು ವರ್ಷ ಭರಣಿಯಲ್ಲಿ ಬಂದರೆ ಇನ್ನೊಂದು ವರ್ಷ ಕೃತ್ತಿಕೆ ಮುಗಿಯುವಾಗ. ಹಾಗಾಗಿ ಮೊದಲ ಹದಮಳೆ ಬಿದ್ದ ದಿನಕ್ಕೆ ಸೊನ್ನೆ ಹಾಕಿ ಅಲ್ಲಿಂದ ದಿನ ಎಣಿಸಲು ಶುರು ಮಾಡಿದೆ. ಆಗ ಮೂರು ವರ್ಷದ ಪುಟಗಳು ಒಂದಕ್ಕೊಂದು ಹೊಂದತೊಡಗಿದವು. ಮೂರೂ ವರ್ಷ, ಒಂದನೇ ದಿನದ ಸಂಜೆ ರೆಕ್ಕೆ ಬಂದ ಗೆದ್ದಲು ಎದ್ದಿವೆ. ಆ ಹೊತ್ತಿನಲ್ಲಿ ಬಾನಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕಾಜಾಣ ಗಾಳಿಯಲ್ಲೇ ಹಿಡಿಯುತ್ತದೆ, ಪಿಕಳಾರ ಬೇಲಿಯಿಂದ ಹಾರಿ ಹಾರಿ ಹಿಡಿಯುತ್ತದೆ, ಗೂಡಿನ ಬಾಯಲ್ಲಿ ಕೂತ ನೆಲಗಪ್ಪೆಗೆ ಅಲುಗಾಡುವ ಕಷ್ಟವೂ ಇಲ್ಲ. ಮಿಂಚುಹುಳ ನೋಡಬೇಕಾದರೆ ಅಂಗಳದ ಎಲ್‌ಇಡಿ ಆರಿಸಲೇಬೇಕು. ಅದಕ್ಕಾಗಿ ಮನೆಯಲ್ಲಿ ದಿನಾ ಜಗಳ.

ಮಳೆ ಹಿಡಿದ ಮೇಲೆ ಎಲ್ಲೆಲ್ಲೂ ನೀರು, ಬಾನಿಗೆ ಹಕ್ಕಿ ಯಾಕೆ ಬರುತ್ತವೆ? ಈ ಸಲವೂ ಐದನೇ ದಿನಕ್ಕೆ ನಿಂತವು. ತಟ್ಟಿ ಬಿಚ್ಚೋಣ ಅಂದುಕೊಂಡೆ. ಆರನೇ ದಿನ ಬೆಳಿಗ್ಗೆ ಅಮ್ಮ ಹಿತ್ತಲಿಂದ ಕೂಗಿದರು:

‘ಯಾರ್ ಮಾರಾಯ ಬಾನಿಗೆ ಸೋಪಿನ ನೊರೆ ಮೆತ್ತಿದ್ದು?’

ಹೋಗಿ ನೋಡಿದೆ. ನೀರಿನ ಮೇಲೆ, ಬಾನಿಯ ಒಳ ಅಂಚಿಗೆ, ಮುಷ್ಟಿ ಗಾತ್ರದ ಬಿಳಿ ನೊರೆ ಅಂಟಿಕೊಂಡಿತ್ತು. ಮರಗಪ್ಪೆಯ ಗೂಡು. ಮೊಟ್ಟೆ ನೊರೆಯೊಳಗೆ ಇರುತ್ತವೆ, ಒಡೆದ ಮರಿ ಕೆಳಗಿನ ನೀರಿಗೆ ಉದುರುತ್ತವೆ. ಅಮ್ಮನ ಕೈಯಲ್ಲಿ ತೆಂಗಿನ ನಾರು ಸಿದ್ಧವಾಗಿತ್ತು. ಇಸಿದುಕೊಂಡೆ. ಬಿರಡೆಯನ್ನು ಇನ್ನಷ್ಟು ಬಿಗಿ ಮಾಡಿದೆ.