ಕಡ್ಡಿ, ಡಬ್ಬಿ ಒಂದೇ ಚಾರ್ಟಿನಲ್ಲಿ

ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಕಡ್ಡಿ, ಡಬ್ಬಿ ಎಂಬ ಎರಡು ತಳಿಗಳ ಪ್ರತಿ ಪೇಟೆ ದಿನದ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ದರಗಳನ್ನು ಎಕ್ಸೆಲ್‌ಗೆ ಹಾಕಿ, ಚಾರ್ಟು ತೆಗೆದು ಗೋಡೆಗೆ ಹಚ್ಚುವುದು ರೂಢಿ. ಮೊದಲೆಲ್ಲ ಮಾದರಿ ದರದ ಗೆರೆಯೊಂದನ್ನೇ ಎಳೆಯುತ್ತಿದ್ದೆ. ಹಿರಿಯ ರೈತರೊಬ್ಬರು ನೋಡಿ, "ನನ್ನ ಮಾಲು ಇದಕ್ಕಿಂತ ಭಾಳ ಕಡಿಮಿಗೆ ಹೋತಲ್ರಿ, ಅದು ಇದರಾಗ ಎಲ್ಲೈತಿ?" ಅಂದರು. ಉತ್ತರವಿರಲಿಲ್ಲ. ಬಣ್ಣ, ತೇವ ನೋಡಿ ಒಂದು ಲಾಟಿನಿಂದ (ಮಾರಾಟದ ರಾಶಿಯಿಂದ) ಇನ್ನೊಂದಕ್ಕೆ ದರ ಹಲವು ಪಟ್ಟು ಬದಲಾಗುವ ಪೇಟೆ ಇದು.

ದಿನದ ಗರಿಷ್ಠ, ಕನಿಷ್ಠ, ಕೊನೆಯ ಬೆಲೆ ತೋರಿಸುವ ಷೇರು ಪೇಟೆಯವರ ಹೈ-ಲೋ-ಕ್ಲೋಸ್ ಚಾರ್ಟು ನೋಡಿದೆ. ಒಂದು ದಿನಕ್ಕೆ ಒಂದೇ ನಿಂತ ಗೆರೆ. ಕಡ್ಡಿಕಾಯಿ, ಡಬ್ಬಿಕಾಯಿ ಅಕ್ಕಪಕ್ಕ ಬರುವುದಿಲ್ಲ. ಕಂಬದ ಚಾರ್ಟುಗಳಲ್ಲಿ ಸ್ಟ್ಯಾಕ್ಡ್ ಕಾಲಮ್ ಒಂದರ ಮೇಲೊಂದು ಪೇರಿಸುತ್ತದೆ, ಕ್ಲಸ್ಟರ್ಡ್ ಪಕ್ಕಪಕ್ಕ ನಿಲ್ಲಿಸುತ್ತದೆ. ಎರಡನ್ನೂ ಒಟ್ಟಿಗೆ ಮಾಡುವ ಬಗೆ ಎಕ್ಸೆಲ್‌ನ ಪಟ್ಟಿಯಲ್ಲಿಲ್ಲ.

ಕೊನೆಗೆ ಚಾರ್ಟು ಬಿಟ್ಟು ಕೋಷ್ಟಕವನ್ನೇ ಬದಲಿಸಿದೆ. ಪ್ರತಿ ಪೇಟೆ ದಿನಕ್ಕೆ ಮೂರು ಸಾಲು: ಒಂದು ಕಡ್ಡಿಗೆ, ಒಂದು ಡಬ್ಬಿಗೆ, ಮೂರನೆಯದು ಖಾಲಿ. ಕಾಲಮ್ಮುಗಳಲ್ಲಿ ಮೊದಲು ಕನಿಷ್ಠ ದರ, ಆಮೇಲೆ ಕಡ್ಡಿಯ ಅಂತರ, ಡಬ್ಬಿಯ ಅಂತರ. ಅಂತರವೆಂದರೆ ಗರಿಷ್ಠದಲ್ಲಿ ಕನಿಷ್ಠ ಕಳೆದದ್ದು: ಕನಿಷ್ಠ 5,000, ಗರಿಷ್ಠ 30,000 ಇದ್ದರೆ 25,000. ಕಡ್ಡಿಯ ಸಾಲಿನಲ್ಲಿ ಡಬ್ಬಿಯ ಕೋಶ ಖಾಲಿ, ಡಬ್ಬಿಯ ಸಾಲಿನಲ್ಲಿ ಕಡ್ಡಿಯದು ಖಾಲಿ. ಇದನ್ನು ಸ್ಟ್ಯಾಕ್ಡ್ ಕಾಲಮ್ ಮಾಡಿ ಕನಿಷ್ಠ ದರದ ಭಾಗಕ್ಕೆ 'ನೋ ಫಿಲ್' ಕೊಟ್ಟು ಬಣ್ಣ ತೆಗೆದರೆ, ಕಂಬಗಳು ನೆಲ ಬಿಟ್ಟು ತಮ್ಮ ದರದ ಎತ್ತರದಲ್ಲಿ ನಿಲ್ಲುತ್ತವೆ. ಕಂಬಗಳ ನಡುವಿನ ಜಾಗ, ಅಂದರೆ ಗ್ಯಾಪ್ ವಿಡ್ತ್, ಸೊನ್ನೆ ಮಾಡಿದೆ. ಜೋಡಿಗಳು ಅಂಟಿಕೊಂಡವು, ಖಾಲಿ ಸಾಲು ದಿನದಿಂದ ದಿನಕ್ಕೆ ಜಾಗ ಬಿಟ್ಟಿತು. ಮಾದರಿ ದರವನ್ನು ಕಾಂಬೊದಲ್ಲಿ (ಎರಡು ಬಗೆಯ ಚಾರ್ಟು ಸೇರಿಸುವ ಆಯ್ಕೆ) ಲೈನ್ ಮಾಡಿ, ಗೆರೆ ಅಳಿಸಿ, ಚುಕ್ಕಿ ಮಾತ್ರ ಉಳಿಸಿದೆ.

ಒಂದು ಎಚ್ಚರ. ಕಂಬದ ಮೇಲೆ ಅಂಕಿ ತೋರಿಸಿದರೆ ಅಂತರವೇ, ಅಂದರೆ 25,000 ಬರುತ್ತದೆ. ಅದನ್ನು ಗರಿಷ್ಠ ದರ ಎಂದು ಓದಿದವರಿಗೆ ಮೋಸವಾದಂತೆ. ಎಕ್ಸೆಲ್ 2013ರಿಂದ ಲೇಬಲ್ಲಿಗೆ 'ವ್ಯಾಲ್ಯೂ ಫ್ರಮ್ ಸೆಲ್ಸ್' ಇದೆ; ಅದರಲ್ಲಿ ನಿಜವಾದ ಗರಿಷ್ಠ ದರದ ಕಾಲಮ್ ತೋರಿಸಿ, ಅಂತರದ ಅಂಕಿಯ ಗುರುತು ತೆಗೆಯಿರಿ.

ಕಂಬದ ಬುಡದ ಕನಿಷ್ಠ ದರ ಒಂದೇ ಚೀಲದ್ದೋ ನೂರು ಚೀಲದ್ದೋ ಎಂಬುದು ಮಾತ್ರ ಇದರಲ್ಲೂ ಕಾಣುವುದಿಲ್ಲ. ಹಾಗಾಗಿ ಆ ದಿನದ ಆವಕ ಎಷ್ಟು ಚೀಲ ಎಂಬುದನ್ನು ಪ್ರಿಂಟಿನ ಕೆಳಗೆ ಪೆನ್ನಿನಲ್ಲೇ ಬರೆಯುತ್ತಿದ್ದೇನೆ.