ಕಂಪನಿದಾ, ಲೋಕಲ್ಲಾ? ಬೈಕಿನ ಬಿಡಿಭಾಗ ಕೊಳ್ಳುವ ಮುನ್ನ

“ಯಾವ್ದು ಹಾಕ್ಲಣ್ಣಾ, ಕಂಪನಿದಾ, ಲೋಕಲ್ಲಾ?”

ಹಿಂದಿನ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ ಮೇಲೆಯೇ ಮೆಕ್ಯಾನಿಕ್ ಫೋನ್ ಮಾಡಿ ಈ ಮಾತು ಕೇಳುವುದು. ಅವನ ಹುಡುಗ ಆಗಲೇ ಸ್ಪೇರ್ಸ್ ಅಂಗಡಿಗೆ ಹೊರಟು ನಿಂತಿರುತ್ತಾನೆ. ಆ ಅರ್ಧ ನಿಮಿಷದಲ್ಲಿ ನಾವು ಹೇಳುವುದು ಎರಡೇ ಮಾತು: ಕೈಯಲ್ಲಿ ದುಡ್ಡಿದ್ದರೆ “ಕಂಪನಿದೇ ಹಾಕಪ್ಪ”, ತಿಂಗಳ ಕೊನೆಯಾಗಿದ್ದರೆ “ಯಾವ್ದೋ ಒಂದು ಹಾಕು”. ಎರಡೂ ಯೋಚಿಸಿ ಕೊಟ್ಟ ಉತ್ತರವಲ್ಲ. ಬೈಕು ಬಿಚ್ಚುವ ಮುಂಚೆಯೇ ಯೋಚಿಸುವುದು ಹೇಗೆ ಅಂತ ನೋಡೋಣ.

ಮೊದಲು ಜಾತಿ ತಿಳಿಯಿರಿ

ಅಂಗಡಿಯಲ್ಲಿ ಸಿಗುವ ಮಾಲು ಎರಡು ಬಗೆಯದಲ್ಲ, ನಾಲ್ಕು. ಬೈಕ್ ಕಂಪನಿಯ ಹೆಸರಿನ ಡಬ್ಬಿಯದು ಒಂದು. ಬೈಕ್ ಕಂಪನಿಗೇ ಮಾಲು ಕೊಡುವ ತಯಾರಕರು ತಮ್ಮ ಸ್ವಂತ ಹೆಸರಿನಲ್ಲಿ ಮಾರುವುದು ಇನ್ನೊಂದು. ಕೊಯಮತ್ತೂರಿನ ಎಲ್‌ಜಿಬಿಯ ರೋಲಾನ್ ಚೈನು ಇದಕ್ಕೆ ಒಳ್ಳೆಯ ಉದಾಹರಣೆ. ಹೊಸ ಬೈಕಿಗೂ ಹೋಗುತ್ತದೆ, ಕೌಂಟರಿನಲ್ಲೂ ಸಿಗುತ್ತದೆ. ಮೂರನೆಯದು ಯಾರೂ ಕೇಳಿರದ ಹೆಸರಿನ ಅಗ್ಗದ ಮಾಲು. ಇದನ್ನೇ ‘ಲೋಕಲ್’ ಅನ್ನುವುದು. ನಾಲ್ಕನೆಯದು ಕಂಪನಿಯ ಡಬ್ಬಿಯನ್ನೇ ನಕಲು ಮಾಡಿದ ಡುಪ್ಲಿಕೇಟ್. ಲೋಕಲ್ ಮಾಲು ಕೊನೇಪಕ್ಷ ಸುಳ್ಳು ಹೇಳುವುದಿಲ್ಲ. ಡುಪ್ಲಿಕೇಟಿಗೆ ನಾವು ಪೂರ್ತಿ ದುಡ್ಡು ಕೊಟ್ಟು ಮೋಸ ಹೋಗುತ್ತೇವೆ.

ನನ್ನ ಮಟ್ಟಿಗೆ ಹೆಚ್ಚಿನ ಸಲ ಎರಡನೆಯ ಜಾತಿಯದೇ ಸರಿಯಾದ ಆಯ್ಕೆ. ಮೆಕ್ಯಾನಿಕ್ ಕೇಳುವ ಪ್ರಶ್ನೆಯಲ್ಲಿ ಅದರ ಹೆಸರೇ ಬರುವುದಿಲ್ಲ ಅನ್ನುವುದು ಬೇರೆ ಮಾತು.

ಕೆಟ್ಟರೆ ನಾನು ಎಲ್ಲಿರುತ್ತೇನೆ?

ಪ್ರತಿ ಭಾಗಕ್ಕೂ ಈ ಪ್ರಶ್ನೆ ಹಾಕಿಕೊಳ್ಳಿ. ಕನ್ನಡಿ ಮುರಿದರೆ ಮನೆಗೆ ಬಂದು ಬೇರೆ ಹಾಕಿಸಬಹುದು. ಕ್ಲಚ್ ಕೇಬಲ್ ತುಂಡಾದರೆ ಜಗಳೂರು ರಸ್ತೆಯ ಬಿಸಿಲಲ್ಲಿ ಗಾಡಿ ತಳ್ಳಬೇಕು. ಬ್ರೇಕ್ ಕೈಕೊಟ್ಟರೆ ಆಸ್ಪತ್ರೆ. ಬ್ರೇಕ್ ಶೂ, ಟೈರು, ಚಕ್ರದ ಬೇರಿಂಗ್, ಹ್ಯಾಂಡಲ್ಲಿನ ಕೋನ್ ಸೆಟ್ (ಹ್ಯಾಂಡಲ್ ತಿರುಗಲು ಇರುವ ಬೇರಿಂಗ್) ಇವುಗಳಲ್ಲಿ ಚೌಕಾಸಿ ಬೇಡ.

ಕಳಪೆ ಬ್ರೇಕ್ ಶೂ ಬೇಗ ಸವೆಯುತ್ತದೆ ಅಂತ ಮಾತ್ರ ಜನ ತಿಳಿದಿರುತ್ತಾರೆ. ಸವೆದರೆ ಚಿಂತೆಯಿಲ್ಲ, ಬದಲಿಸಬಹುದು. ಶೂಗೆ ಅಂಟಿಸಿದ ಲೈನಿಂಗ್ ಕಾವಿಗೆ ಕಿತ್ತುಬಂದು ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಚಕ್ರವೇ ಲಾಕ್ ಆಗಬಹುದು. ಲೈನಿಂಗ್ ತೀರಾ ಗಟ್ಟಿಯಿದ್ದರೆ ತಾನು ಸವೆಯದೆ ಡ್ರಮ್ಮಿಗೆ ಗೆರೆ ಹಾಕುತ್ತದೆ. ಡ್ರಮ್ ಹಾಳಾದರೆ ಶೂ ಬದಲಿಸಿ ಮುಗಿಯುವುದಿಲ್ಲ, ಖರ್ಚು ಚಕ್ರದ ನಡುವಿನ ಹಬ್‌ಗೇ ಬರುತ್ತದೆ.

ಬೇರಿಂಗ್ ವಿಷಯದಲ್ಲಿ ಒಂದು ಸುಲಭದ ದಾರಿಯಿದೆ. ಬೇರಿಂಗಿನ ಮೇಲೆಯೇ 6301, 6202 ಅಂತ ನಂಬರ್ ಕೊರೆದಿರುತ್ತದೆ. ಇದು ಬೈಕಿಗೆ ಸೀಮಿತವಾದದ್ದಲ್ಲ, ಎಲ್ಲ ಯಂತ್ರಕ್ಕೂ ನಡೆಯುವ ಅಳತೆ. 6301 ಅಂದರೆ ಎಲ್ಲಿ ಹೋದರೂ ಒಳಗಿನ ತೂತು 12 ಮಿ.ಮೀ., ಹೊರಗಿನ ವ್ಯಾಸ 37 ಮಿ.ಮೀ. ದಾವಣಗೆರೆಯಂಥ ಗಿರಣಿಗಳ ಊರಲ್ಲಿ ಅಕ್ಕಿ ಮಿಲ್ಲಿನವರು, ಪಂಪ್‌ಸೆಟ್ ರಿಪೇರಿಯವರು ಕೊಳ್ಳುವ ಬೇರಿಂಗ್ ಅಂಗಡಿಗೆ ಹೋಗಿ ಆ ನಂಬರ್ ಹೇಳಿ ಎಸ್‌ಕೆಎಫ್, ಎನ್‌ಬಿಸಿಯಂಥ ಹೆಸರಿನದು ಕೇಳಿ. ನಂಬರಿನ ನಂತರ ‘2ಆರ್‌ಎಸ್’ ಅಂತಿದ್ದರೆ ಎರಡೂ ಕಡೆ ರಬ್ಬರ್ ಸೀಲ್ ಇದೆ ಅಂತ. ನಮ್ಮ ಧೂಳಿಗೂ ಮಳೆನೀರಿಗೂ ಅದೇ ವಾಸಿ.

ಹೆಡ್‌ಲೈಟ್ ಬಲ್ಬು ಚಿಕ್ಕ ವಸ್ತು ಅನ್ನಿಸಬಹುದು. 2017ರ ಏಪ್ರಿಲ್‌ನಿಂದ ಈಚೆಗೆ ಬಂದ ಹೆಚ್ಚಿನ ಬೈಕುಗಳಲ್ಲಿ ಇಂಜಿನ್ ಓಡುವಷ್ಟು ಹೊತ್ತೂ ದೀಪ ಉರಿಯುತ್ತಲೇ ಇರುತ್ತದೆ. ಹಾಗಾಗಿ ಅಗ್ಗದ ಬಲ್ಬು ಹಗಲಲ್ಲೇ ಆಯಸ್ಸು ಕಳೆದುಕೊಂಡು, ಬೇಕಾದ ರಾತ್ರಿ ಆರುತ್ತದೆ.

ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಿ

ಇಲ್ಲಿ ನನ್ನದೇ ಕಥೆ ಹೇಳಬೇಕು. ಕೆಲವು ವರ್ಷದ ಹಿಂದೆ 650 ರೂಪಾಯಿಯ ಲೋಕಲ್ ಚೈನ್ ಸ್ಪ್ರಾಕೆಟ್ ಸೆಟ್ (ಚೈನು, ಅದು ಸುತ್ತುವ ಎರಡು ಹಲ್ಲಿನ ಚಕ್ರ) ಹಾಕಿಸಿದೆ. ಕೂಲಿ 200. ನಾಟಿ ಹೊತ್ತಲ್ಲಿ ಮಲೇಬೆನ್ನೂರು ಕಡೆ ಓಡಾಟ, ಟ್ರ್ಯಾಕ್ಟರುಗಳು ಗದ್ದೆಯಿಂದ ರಸ್ತೆಗೆ ತಂದು ಸುರಿದ ಕೆಸರು. ವಾರಕ್ಕೊಮ್ಮೆ ಚೈನ್ ಟೈಟ್ ಮಾಡಿಸುವುದೇ ಕೆಲಸವಾಯಿತು. 7,000 ಕಿ.ಮೀ.ಗೆ ಹಲ್ಲುಗಳು ಬಾಗಿ ಕೊಕ್ಕೆಯಂತಾದವು. ಆಮೇಲೆ ಹಾಕಿಸಿದ ಸೆಟ್ 1,300 ರೂಪಾಯಿ, ಕೂಲಿ ಅದೇ 200. ಅದು 19,000 ಕಿ.ಮೀ. ಬಂತು. ಸಾವಿರ ಕಿ.ಮೀ.ಗೆ ಮೊದಲಿನದು 121 ರೂಪಾಯಿ ತಿಂದಿತ್ತು, ಎರಡನೆಯದು 79.

ವ್ಯತ್ಯಾಸ ಉಕ್ಕಿನಲ್ಲಿರುತ್ತದೆ. ಒಳ್ಳೆಯ ಸ್ಪ್ರಾಕೆಟ್ಟಿನ ಹಲ್ಲಿನ ಅಂಚನ್ನು ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಅರ ಹಾಕಿ ಉಜ್ಜಿದರೆ ಜಾರುತ್ತದೆ. ಮೆತ್ತನೆಯ ಹಲ್ಲಾದರೆ ಪುಡಿ ಉದುರುತ್ತದೆ. ಅಂಗಡಿಯವನ ಮುಂದೆ ಈ ಪರೀಕ್ಷೆ ಮಾಡಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಗೆಳೆಯರು ಬಿಚ್ಚಿಸಿದ ಹಳೆಯದರ ಮೇಲೆ ಮಾಡಿ ನೋಡಿದರೆ ಯಾವ ಹೆಸರಿನದು ಎಂಥದು ಅಂತ ತಿಳಿಯುತ್ತದೆ. ಚೈನು ಮಾತ್ರ ಹೊಸದು ಹಾಕಿ ಸ್ಪ್ರಾಕೆಟ್ ಹಳೆಯದೇ ಇಟ್ಟರೆ ಹೊಸ ಚೈನೂ ಬೇಗ ಸವೆಯುತ್ತದೆ. ಮೂರನ್ನೂ ಒಟ್ಟಿಗೇ ಬದಲಿಸಿ.

ಕ್ಲಚ್ ಪ್ಲೇಟಿಗೂ ಇದೇ ಲೆಕ್ಕ. ಆಯಿಲ್ ಇಳಿಸಬೇಕು, ಕವರ್ ಬಿಚ್ಚಬೇಕು, ಗ್ಯಾಸ್ಕೆಟ್ ಹೊಸದು ಬೇಕು. ಪ್ಲೇಟಿನಲ್ಲಿ ಉಳಿಸಿದ ದುಡ್ಡು ಎರಡನೇ ಸಲ ಬಿಚ್ಚಿಸುವುದಕ್ಕೇ ಹೋಗುತ್ತದೆ.

ಕೈ ಬಿಗಿ ಹಿಡಿಯುವುದು ಎಲ್ಲಿ

ಇಂಡಿಕೇಟರ್ ಗಾಜು, ಸೀಟ್ ಕವರ್, ಫುಟ್‌ರೆಸ್ಟ್ ರಬ್ಬರ್, ಸೈಡ್ ಪ್ಯಾನೆಲ್ ಎಲ್ಲವೂ ಲೋಕಲ್ ನಡೆಯುತ್ತದೆ.

ದುಬಾರಿಯದೂ ಕೆಲವು ಸಲ ದಂಡವೇ. ದಿನಾ ಕೆಲಸಕ್ಕೆ ಓಡುವ 100 ಸಿಸಿ ಬೈಕಿಗೆ ದುಬಾರಿ ಲೋಹದ ತುದಿಯ ಇರಿಡಿಯಂ ಸ್ಪಾರ್ಕ್ ಪ್ಲಗ್ ಬೇಕಿಲ್ಲ, ಬೈಕಿನ ಪುಸ್ತಕದಲ್ಲಿ ಹೇಳಿದ ನಂಬರಿನ ಸಾದಾ ಪ್ಲಗ್ ಸಾಕು. ಗಾಳಿ ಜಾಸ್ತಿ ಎಳೆಯುತ್ತದೆ ಅಂತ ಹುಡುಗರು ಹಾಕಿಸುವ ಫ್ಯಾನ್ಸಿ ಏರ್ ಫಿಲ್ಟರ್ ಅಂತೂ ರಸ್ತೆ ಮೇಲೆ ಮೆಕ್ಕೆಜೋಳ ಒಣಗಿಸುವ ನಮ್ಮ ಸೀಮೆಗೆ ಸಲ್ಲ. ಗಾಳಿ ಸಲೀಸಾಗಿ ಹೋಗುವಲ್ಲಿ ಸಣ್ಣ ಧೂಳೂ ಹೋಗುತ್ತದೆ. ಪಿಸ್ಟನ್ ರಿಂಗಿಗೆ ಅದು ಮರಳು ಕಾಗದವಿದ್ದಂತೆ.

ಕೌಂಟರಿನಲ್ಲಿ

ಬಿಚ್ಚಿದ ಹಳೆಯ ಭಾಗವನ್ನು ಜತೆಗೆ ಒಯ್ಯಿರಿ. ಡಬ್ಬಿಯ ಮೇಲೆ ಪಾರ್ಟ್ ನಂಬರ್, ತಯಾರಕರ ಪೂರ್ತಿ ವಿಳಾಸ, ತಯಾರಾದ ತಿಂಗಳು, ಎಂಆರ್‌ಪಿ ನೋಡಿ. ಅಕ್ಷರ ಮಸುಕಾಗಿದ್ದರೆ, ಕಾಗುಣಿತ ತಪ್ಪಿದ್ದರೆ ವಾಪಸ್ ಕೊಡಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಳೆಯ ಎಂಆರ್‌ಪಿಯ ಡಬ್ಬಿ ಸಿಕ್ಕರೆ ಬಿಲ್ಲಿನಲ್ಲಿ ಯಾವ ತೆರಿಗೆ ದರ ಹಾಕಿದ್ದಾರೆ ಅಂತ ನೋಡಿಕೊಳ್ಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2325 ಅಂದರೆ 2025ರ 23ನೇ ವಾರದಲ್ಲಿ ತಯಾರಾದದ್ದು.

ಮೆಕ್ಯಾನಿಕ್ಕೇ ತರುತ್ತೇನೆ ಅಂದರೆ ತರಲಿ. ಅವನಿಗೂ ಅಂಗಡಿಯಿಂದ ನಾಲ್ಕು ಕಾಸು ಉಳಿಯುತ್ತದೆ, ಅದಕ್ಕೆ ಜಗಳ ಬೇಡ. ಜಾತಿ ಯಾವುದು ಅಂತ ನೀವು ಮೊದಲೇ ಹೇಳಿ, ಖಾಲಿ ಡಬ್ಬಿ ಮತ್ತು ಬಿಚ್ಚಿದ ಹಳೆಯ ಭಾಗ ಎರಡನ್ನೂ ಕೇಳಿ ಪಡೆಯಿರಿ. ಡಬ್ಬಿಯ ಮೇಲೆ ಪೆನ್ನಿನಲ್ಲಿ ಅವತ್ತಿನ ತಾರೀಖು, ಮೀಟರಿನ ಕಿ.ಮೀ. ಬರೆದು ಬಿಲ್ಲನ್ನು ಒಳಗೆ ಮಡಚಿಡಿ. ನಮ್ಮ ಮನೆಯ ಅಟ್ಟದ ಮೇಲೆ ಇಂಥ ಹನ್ನೊಂದು ಡಬ್ಬಿಗಳಿವೆ; ಮುಂದಿನ ಸಲ ಮೆಕ್ಯಾನಿಕ್ ಫೋನ್ ಮಾಡಿದಾಗ ನಾನು ನೋಡುವುದು ಅವನ್ನೇ.